ಕೊಡೆಯಕ್ಕನ ಹದಿನಾಲ್ಕು ಸಾಲು

ಎಲ್ಲಾ ಕೆಟ್ಟಿದ್ದು ಅಸಲಿ ಕರವಸ್ತ್ರದಿಂದ. ತಾಲೀಮಿನ ಮೂರು ತಿಂಗಳೂ ಬರೀ ಗಾಳಿಯನ್ನು ಎತ್ತಿ ಕೊಡುತ್ತಿದ್ದ ಕೊಡೆಯಕ್ಕನಿಗೆ ನಾಟಕದ ದಿನವೇ ಕಸೂತಿ ಹಾಕಿದ ನಿಜವಾದ ಬಟ್ಟೆ ಎದುರಾಯಿತು.

ಬಸ್ ನಿಲ್ದಾಣದ 'ಕಳೆದುಹೋದ ವಸ್ತುಗಳು' ಕೌಂಟರಿನಲ್ಲಿ ಕೂತು, ಜನ ಮರೆತುಹೋದ ಕೊಡೆಗಳನ್ನು ಇಪ್ಪತ್ತೆರಡು ವರ್ಷ ಹಿಂದಿರುಗಿಸಿ ಆಕೆಗೆ ಆ ಹೆಸರು ಬಂದಿತ್ತು. ಸಿಬ್ಬಂದಿ ಆಡಲಿದ್ದ ಹಳೇ ಕಾಲದ ದುರಂತ ನಾಟಕದಲ್ಲಿ ಅವಳದು ದಾಸಿಯ ಪಾತ್ರ. ಒಡತಿಯ ಕರವಸ್ತ್ರ ಬೀಳುತ್ತದೆ. ದಾಸಿ ಅದನ್ನೆತ್ತಿ ತನ್ನ ಕಪಟಿ ಗಂಡನಿಗೆ ಕೊಡುತ್ತಾಳೆ. ಅವನು ಅದನ್ನೇ ತೋರಿಸಿ ಒಡೆಯನ ತಲೆಗೆ ಸಂಶಯದ ಹುಳ ಬಿಡುತ್ತಾನೆ. ಒಡೆಯ ಏನೂ ಅರಿಯದ ಹೆಂಡತಿಯನ್ನು ಕೊಲ್ಲುತ್ತಾನೆ. ಕೊನೆಗೆ ದಾಸಿಯೊಬ್ಬಳೇ ಎದೆ ಸೆಟೆಸಿ ನಿಜ ಹೇಳುತ್ತಾಳೆ, ಹದಿನಾಲ್ಕು ಸಾಲು.

"ಬರೀ ದಾಸಿ ಪಾರ್ಟಂತೆ?" ಎಂದು ಪಕ್ಕದ ಮನೆಯಾಕೆ ಮೂಗು ಮುರಿದಾಗ ಅತ್ತೆ ಬಿಡಲಿಲ್ಲ. "ಹೀರೋಯಿನ್‌ಗಿರೋದು ಸಾಯೋ ಕೆಲ್ಸ. ನಿಜ ಹೇಳೋ ಕೆಲ್ಸ ನನ್ ಸೊಸೇದು!"

ಆ ಸಾಲುಗಳು ಗೆದ್ದರೆ ಬಸ್ಸಿನ ಹೊತ್ತು ಕೂಗುವ ಮೈಕು ಅವಳಿಗೇ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು. ಧೂಳು ಹಿಡಿದ ಕೊಡೆಗಳಿಂದ ಬಿಡುಗಡೆ!

ಪರದೆಯ ಹಿಂದೆ ಉಪದೇಶವೋ ಉಪದೇಶ. "ಬಿದ್ದ ತಕ್ಷಣ ಎತ್ಕೊಳ್ಳಿ ಅಕ್ಕ, ಯೋಚ್ನೆ ಮಾಡ್ಬೇಡಿ," ಎಂದ ನಾಟಕ ಆಡಿಸುತ್ತಿದ್ದ ಟಿಕೆಟ್ ಗುಮಾಸ್ತ. "ಹಿಂದಿನ್ ಸಾಲಿಗೂ ಕೇಳ್ಬೇಕಮ್ಮ," ಎಂದರು ಅತ್ತೆ.

ಕರವಸ್ತ್ರ ಬಿತ್ತು. ಕೊಡೆಯಕ್ಕ ಯೋಚನೆ ಮಾಡಲಿಲ್ಲ. ಎತ್ತಿಕೊಂಡಳು, ಹಿಂದಿನ ಸಾಲಿಗೂ ಕೇಳುವಂತೆ ಕೂಗಿದಳು: "ರೀ ಮೇಡಂ, ನಿಂತ್ಕೊಳ್ಳಿ! ಕರವಸ್ತ್ರ ಬೀಳಿಸ್ಕೊಂಡ್ರಿ! ಗುರುತು ಹೇಳಿ, ತಗೊಂಡ್ಹೋಗಿ!"

ಒಡತಿಯಾಗಿದ್ದ ಕಂಡಕ್ಟರಮ್ಮ ತಬ್ಬಿಬ್ಬಾಗಿ, "ಮೂಲೇಲಿ... ಕೆಂಪು ಹೂವು," ಎಂದುಬಿಟ್ಟಳು. ಕೊಡೆಯಕ್ಕ ಹೂವನ್ನು ನೋಡಿ ಖಾತ್ರಿ ಮಾಡಿಕೊಂಡು ಕೊಟ್ಟೇಬಿಟ್ಟಳು. ಕಪಟಿ ಗಂಡನಾಗಿದ್ದ ಡ್ರೈವರ್ ಚಾಚಿದ ಕೈ ಚಾಚಿದಂತೆಯೇ ನಿಂತ. ಸಂಶಯಪಡಲು ಏನೂ ಸಿಗದ ಒಡೆಯ, ಬೇರೆ ದಾರಿ ಕಾಣದೆ ಹೆಂಡತಿಯ ಕೈ ಹಿಡಿದುಕೊಂಡ. ಎರಡೂವರೆ ಗಂಟೆಯ ದುರಂತ ನಲವತ್ತೇ ನಿಮಿಷಕ್ಕೆ ಸುಖವಾಗಿ ಮುಗಿಯಿತು. ಹದಿನಾಲ್ಕು ಸಾಲು ಗಂಟಲಲ್ಲೇ ಉಳಿದವು.

ಚಪ್ಪಾಳೆಗೆ ತಗಡಿನ ಮಾಡು ನಡುಗಿತು. "ಒಂದು ಜೀವ ಉಳಿಸಿದ್ಲು ನನ್ ಸೊಸೆ!" ಎಂದು ಅತ್ತೆ ಪಕ್ಕದ ಮನೆಯಾಕೆಯನ್ನು ತಿವಿದರು. ಕೊಡೆಯಕ್ಕನಿಗೂ ಹೆಮ್ಮೆ ಉಕ್ಕಿತು. ಇಷ್ಟು ವರ್ಷ ಈ ನಾಟಕ ಆಡಿದವರಲ್ಲಿ ಆ ಒಡತಿಯನ್ನು ಬದುಕಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲವಲ್ಲ!

ಮ್ಯಾನೇಜರು ಕಣ್ಣೊರೆಸಿಕೊಳ್ಳುತ್ತ ವೇದಿಕೆ ಹತ್ತಿದರು. "ಧ್ವನಿ ಗಂಟೆ ಹಾಗಿದೆ, ನಿಜ. ಆದ್ರೆ ನಾಟಕದಲ್ಲೂ ಇಂಥ ಪ್ರಾಮಾಣಿಕತೆ! ಇವರನ್ನ ಮೈಕಿಗೆ ಕಳಿಸಿದ್ರೆ ನಮ್ಮಂಥ ಮರೆಗುಳಿಗಳ ಗತಿ ಏನು? ರಿಟೈರ್ ಆಗೋವರೆಗೂ ಅದೇ ಕೌಂಟರು!"

ಮತ್ತೆ ಚಪ್ಪಾಳೆ. ಅದರ ಸಂಭ್ರಮದಲ್ಲಿ ಮ್ಯಾನೇಜರು ತಮ್ಮ ಕೊಡೆಯನ್ನು ವೇದಿಕೆಯ ಮೇಲೇ ಮರೆತು ಇಳಿದುಹೋದರು.

ಕೊಡೆಯಕ್ಕ ಕೂಗಲು ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡಳು. ನಾಳೆ ಕೌಂಟರಿಗೆ ಬರಲಿ. ಗುರುತು ಆಮೇಲೆ ಹೇಳಲಿ, ಮೊದಲು ಹದಿನಾಲ್ಕೂ ಸಾಲು ನಿಂತು ಕೇಳಲಿ.