ಸುಜಾತಾ ಮೇಡಂ ಜಪಾನಿಗೆ, ನಾನು ಬೀಜಗಣಿತಕ್ಕೆ

ಇನ್ನೊಬ್ಬರ ಏಳಿಗೆ ಕಂಡು ಸಂತೋಷಪಡುವುದು ದೊಡ್ಡ ಗುಣ ಎಂದು ಮಕ್ಕಳಿಂದ ವರ್ಷವರ್ಷವೂ ಪ್ರಬಂಧ ಬರೆಸಿದವನು ನಾನು. ಬರೆಸುವುದು ಸುಲಭ. ಆ ಗುಣ ನನ್ನೊಳಗೆ ಇಳಿಯಲು ಮಾತ್ರ ಒಂದು ಇಡೀ ಶೈಕ್ಷಣಿಕ ವರ್ಷ ಹಿಡಿಯಿತು. ಅದೂ ಸುಮ್ಮನೆ ಇಳಿಯಲಿಲ್ಲ, ನನ್ನನ್ನು ಹೈಸ್ಕೂಲು ಮಕ್ಕಳ ಮುಂದೆ ಕರಿಹಲಗೆಗೆ ನಿಲ್ಲಿಸಿ ಇಳಿಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಚನ್ನಗಿರಿಯವನು, ನ್ಯಾಮತಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು. ಹೊನ್ನಾಳಿ ತಾಲೂಕಿನಲ್ಲಿ ನನ್ನಷ್ಟು ಇಂಗ್ಲಿಷ್ ಬಲ್ಲವರಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಎಂದರೆ ಮುಖ್ಯವಾಗಿ ನಾನು. ಒಂದು ದಿನ ಪತ್ರಿಕೆಯಲ್ಲಿ ಜಾಹೀರಾತು ಬಂತು: ಜಪಾನಿ ಭಾಷೆ ಕಲಿಯಲು ಸರ್ಕಾರವೇ ಖರ್ಚು ಕೊಟ್ಟು ಹತ್ತು ತಿಂಗಳು ಜಪಾನಿಗೆ ಕಳಿಸುತ್ತದೆ, ಪದವಿ ಇದ್ದರೆ ಸಾಕು, ಭಾಷೆ ಮೊದಲೇ ಬರಬೇಕಿಲ್ಲ. ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಮನಸ್ಸಿನಲ್ಲೇ ಸೂಟ್‌ಕೇಸು ಕಟ್ಟಿಯಾಗಿತ್ತು.

ಆಗ ಮೂಲೆಯಿಂದ ಸುಜಾತಾ ಮೇಡಂ ಕೇಳಿದರು, "ಸಾರ್, ಇದಕ್ಕೆ ನಾನೂ ಅರ್ಜಿ ಹಾಕಬಹುದೇನ್ರಿ?" ಅವರು ಗಣಿತದ ಟೀಚರು, ಜಗಳೂರಿನ ಕಡೆ ಸೊಕ್ಕೆಯವರು. ಬೌದ್ಧ ಧರ್ಮಕ್ಕೆ ಬಂದ ಮನೆತನ, ಅದಕ್ಕೇ ಬುದ್ಧನಿಗೆ ಪಾಯಸ ಕೊಟ್ಟವಳ ಆ ಹೆಸರು. ಮನೆಯಲ್ಲಿ ಸಂಬಳ ತರುವವರು ಅವರೊಬ್ಬರೇ, ಹಿಂದೆ ಓದುವ ತಮ್ಮ ತಂಗಿಯರು. ಇಂಗ್ಲಿಷನ್ನು ಅವರು ಹೊಸ ಚಪ್ಪಲಿ ಹಾಕಿದವರಂತೆ ಹುಷಾರಾಗಿ ನಡೆಸುತ್ತಿದ್ದರು. "ಹಾಕಿ ಮೇಡಂ, ಹಾಕೋದಕ್ಕೇನು," ಎಂದೆ. ಗೆಲ್ಲುವುದು ಖಾತ್ರಿ ಇರುವವನ ಉದಾರತೆ ಅದು.

ಬೆಂಗಳೂರಿನಲ್ಲಿ ಪರೀಕ್ಷೆ. ಮೇಡಂ ಜೊತೆ ಅವರ ತಂದೆ ಹನುಮಂತಪ್ಪನವರೂ ಬಂದರು. ಬಸ್ಸಿನಲ್ಲಿ ನನ್ನನ್ನು ಕೇಳಿದರು, "ಮೇಷ್ಟ್ರೇ, ಆ ದೇಶದಾಗೆ ರೊಟ್ಟಿ ಸಿಗತೈತೇನ್ರಿ?" ಸಿಗುವುದಿಲ್ಲ, ಅಲ್ಲಿ ಬರೀ ಅನ್ನ, ಎಂದು ಹೋಗಿಬಂದವನಂತೆ ಹೇಳಿದೆ. ಅವರು ಮಗಳ ಕಡೆ ತಿರುಗಿ, "ಹಂಗಾದ್ರೆ ಈಗಿಂದ್ಲೇ ಅನ್ನ ರೂಢಿ ಮಾಡ್ಕೊಳವ್ವ," ಎಂದರು. ಹೋಗಬೇಡ ಎನ್ನಲು ಬಂದಿದ್ದಾರೆಂದು ನಾನು ತಿಳಿದಿದ್ದೆ.

ಪ್ರಶ್ನೆಪತ್ರಿಕೆಯಲ್ಲಿ ಎಲ್ಲೂ ಇಲ್ಲದ, ಯಾರೋ ಹುಟ್ಟಿಸಿದ ಒಂದು ಭಾಷೆಯ ಹತ್ತು ವಾಕ್ಯ ಮತ್ತು ಅವುಗಳ ಅರ್ಥ ಇತ್ತು. ನೋಡಿ ನಿಯಮ ಕಂಡುಹಿಡಿದು ಹನ್ನೊಂದನೆಯದನ್ನು ನಾವೇ ರಚಿಸಬೇಕು. ನಾನು ಆ ಭಾಷೆಗೆ ಇಂಗ್ಲಿಷ್ ವ್ಯಾಕರಣದ ಕೋಟು ತೊಡಿಸಲು ಮೂರು ಗಂಟೆ ಗುದ್ದಾಡಿದೆ. ಮೇಡಂ ಅದನ್ನು ಲೆಕ್ಕದಂತೆ ಬಿಡಿಸಿ ಒಂದೂವರೆ ಗಂಟೆಯೊಳಗೇ ಎದ್ದರು. ಹೆದರಿ ಎದ್ದರು ಎಂದುಕೊಂಡೆ.

ಆದರೂ ಸಂದರ್ಶನಕ್ಕೆ ಇಬ್ಬರಿಗೂ ಕರೆ ಬಂತು. "ಅಲ್ಲಿಯ ಜನಕ್ಕೆ ನಿಮ್ಮ ಇಂಗ್ಲಿಷ್ ಅರ್ಥವಾಗದಿದ್ದರೆ ಏನು ಮಾಡುತ್ತೀರಿ?" ಎಂದು ನನ್ನನ್ನು ಕೇಳಿದರು. ಇನ್ನೂ ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತೇನೆ ಎಂದೆ. ಅದೇ ಪ್ರಶ್ನೆಗೆ ಮೇಡಂ ಕೊಟ್ಟ ಉತ್ತರವನ್ನು ಹೊರಗೆ ಬಂದ ಮೇಲೆ ಅವರಿಂದಲೇ ಕೇಳಿದೆ. "ಮೊದಲು ಅವರ ಮಾತನ್ನ ತಪ್ಪುತಪ್ಪಾಗಿ ಆಡ್ತೀನಿ, ಅವರು ನಗ್ತಾರೆ, ನಕ್ಕಮ್ಯಾಲೆ ತಿದ್ದತಾರೆ ಅಂದೆ ಸಾರ್. ಸರಿ ಆತೇನ್ರಿ?" ಸರಿಯಾಗಿಯೇ ಇತ್ತು. ಅವರು ಆಯ್ಕೆಯಾದರು, ನಾನಾಗಲಿಲ್ಲ. "ಹೋಗ್ಲಿ ಬಿಡ್ರಿ, ಅಲ್ಲಿಯವರು ಬಚಾವಾದ್ರು," ಎಂದು ನನ್ನ ಹೆಂಡತಿ ಸಮಾಧಾನ ಹೇಳಿದಳು.

ನಿಜವಾದ ತೊಡಕು ಬಂದದ್ದು ಆಮೇಲೆ. ಹೆಡ್ಮಾಸ್ಟರು ರಜೆಗೆ ಒಪ್ಪಲಿಲ್ಲ. "ಬದಲಿ ಟೀಚರನ್ನ ಕೊಡಾಕೆ ಆಗಲ್ಲ ಅಂತ ಮೇಲಿನವರು ಬರೆದಾರೆ. ಹತ್ತು ತಿಂಗಳು ಗಣಿತ ಯಾರು ಮಾಡ್ತಾರೆ? ಹೋಗಲೇಬೇಕು ಅಂದ್ರೆ ರಾಜೀನಾಮೆ ಕೊಡ್ರಿ." ರಾಜೀನಾಮೆ ಎಂದರೆ ಸೊಕ್ಕೆಯ ಮನೆಯ ಒಲೆಗೆ ನೀರು. ಮೇಡಂ ದಿಲ್ಲಿಯಿಂದ ಬಂದ ಆಯ್ಕೆಯ ಕಾಗದವನ್ನು ಮಡಿಸಿ ಚೀಲದೊಳಗಿಟ್ಟು ಒಂಬತ್ತನೇ ತರಗತಿಗೆ ಹೋದರು. ಪಕ್ಕದ ಕೋಣೆಯಲ್ಲಿ ಕೂತು ನಾನು ಕೇಳಿಸಿಕೊಂಡೆ. ದಿನದ ದನಿಯಲ್ಲೇ, ಒಂದು ಅಕ್ಷರ ನಡುಗದೆ, ತ್ರಿಕೋನದ ಮೂರು ಕೋನ ಕೂಡಿಸುತ್ತಿದ್ದರು. ನನಗೆ ಅವರ ಸೋಲು ಒಳಗೊಳಗೇ ಸ್ವಲ್ಪ ಹಿತವಾಗಬೇಕಿತ್ತು, ಅಷ್ಟು ಸಣ್ಣತನ ನನ್ನಲ್ಲಿತ್ತು. ಆಗಲಿಲ್ಲ. ಆ ದನಿ ಕೇಳುತ್ತಾ ನಾಚಿಕೆಯಾಯಿತು. ಎದ್ದು ಹೆಡ್ಮಾಸ್ಟರ ಕೋಣೆಗೆ ಹೋಗಿ, "ಗಣಿತ ನಾನು ಮಾಡ್ತೀನಿ ಸಾರ್," ಎಂದೆ. ಹೆಡ್ಮಾಸ್ಟರು ಕನ್ನಡಕದ ಮೇಲಿಂದ ನೋಡಿದರು. "ಎಸ್ಸೆಸ್ಸೆಲ್ಸಿಯಾಗೆ ಗಣಿತಕ್ಕೆ ಎಷ್ಟು ಬಂದಿತ್ತು?" "ಪಾಸಾಗಿದ್ದೀನಿ ಸಾರ್." ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಹೊರಡುವ ಮುಂಚೆ ಮೇಡಂ ಹದಿನೈದು ದಿನ ಸಂಜೆ ನನಗೆ ಬೀಜಗಣಿತ ಹೇಳಿಕೊಟ್ಟರು. "ಗೊತ್ತಿಲ್ಲ ಅನ್ನಾಕೆ ನಾಚಬೇಡ್ರಿ ಸಾರ್. ತಡವರಿಸಿದ್ರೆ ಹುಡುಗ್ರೇ ದಾರಿ ತೋರಸ್ತಾರೆ." ತೋರಿಸಿದರು. ಟೈಲರ್ ಇಸ್ಮಾಯಿಲ್ ಸಾಹೇಬರ ಮಗಳು ಮೆಹರುನ್ನಿಸಾ ಎಷ್ಟೋ ದಿನ ನನ್ನ ಕೈಯಿಂದ ಸೀಮೆಸುಣ್ಣ ಇಸಕೊಂಡು, "ಇಲ್ಲಿ ಮೈನಸ್ ಬಿಟ್ಟೀರಿ ಸಾರ್," ಎಂದು ಮರ್ಯಾದೆಯಿಂದಲೇ ಉಳಿದದ್ದನ್ನು ಬಿಡಿಸಿ ಮುಗಿಸುತ್ತಿದ್ದಳು.

ಅತ್ತ ಜಪಾನಿನಿಂದ ಕಾಗದಗಳು ಬಂದವು. ಮೊದಲನೆಯದರಲ್ಲಿ, ದಿನಕ್ಕೆ ಆರು ಗಂಟೆ ಪಾಠ, ರಾಶಿ ಅಕ್ಷರ, ತಲೆ ಸಿಡಿಯುತ್ತದೆ ಎಂದಿತ್ತು. ಮೂರನೆಯದು ಬರುವಷ್ಟರಲ್ಲಿ ಬರವಣಿಗೆಗೆ ಕಳೆ ಬಂದಿತ್ತು. "ಇಲ್ಲಿಯ ಮಾತು ನಮ್ಮ ಕನ್ನಡದ ಹಾದಿಯಲ್ಲೇ ನಡೀತೈತೆ ಸಾರ್. ಕ್ರಿಯಾಪದ ಕೊನೆಗೇ ಬರ್ತದೆ, 'ಗೆ', 'ಇಂದ' ಥರದವೆಲ್ಲ ಪದದ ಬಾಲಕ್ಕೇ ಅಂಟ್ತಾವೆ. ನಾನು ಸೊಕ್ಕೆಯ ಮಾತಿನಾಗೆ ಯೋಚಿಸಿ ಪದ ಬದಲು ಮಾಡ್ತೀನಿ, ಅಷ್ಟೆ. ಇಂಗ್ಲಿಷಿನಲ್ಲಿ ಯೋಚಿಸೋರು ಭಾಳ ಒದ್ದಾಡ್ತಾರೆ." ಈ ಕೊನೆಯ ವಾಕ್ಯವನ್ನು ನಾನು ಸ್ಟಾಫ್ ರೂಮಿನಲ್ಲಿ ಓದಿ ಹೇಳಲಿಲ್ಲ.

ಹತ್ತು ತಿಂಗಳಿಗೆ ಮೇಡಂ ಮರಳಿ ಬಂದು, ಮೊದಲಿನಂತೆಯೇ ಹಾಜರಿ ಪುಸ್ತಕ ಹಿಡಿದು ತರಗತಿಗೆ ನಡೆದರು. ವರ್ಷ ಕಳೆದ ಮೇಲೆ ಹಳೆಯ ಕೆರೆಗಳನ್ನು ನೋಡುತ್ತಾ ಊರೂರು ತಿರುಗುತ್ತಿದ್ದ ಒಬ್ಬ ಜಪಾನಿ ಪ್ರೊಫೆಸರು ಸೂಳೆಕೆರೆಗೆ ಬಂದರು. ದುಭಾಷಿಯಾಗಿ ಮೇಡಂ, ಜೊತೆಗೆ ಸುಮ್ಮನೆ ನಾನು. ಏರಿಯ ಮೇಲೆ ಬಲೆ ಒಣಗಿಸುತ್ತಿದ್ದ ಮುದುಕರೊಬ್ಬರು, "ಈ ನೀರು ಬೇಸಿಗಿಯಾಗೆ ಒಂದು ನಮೂನಿ, ಮಳಿಗಾಲದಾಗೆ ಒಂದು ನಮೂನಿ ಮಾತಾಡತೈತೆ," ಎಂದರು. ಮೇಡಂ ಕಣ್ಣು ಮುಚ್ಚಿ ತೆರೆದು ಅದನ್ನು ಜಪಾನಿ ಭಾಷೆಗೆ ದಾಟಿಸಿದರು. ಪ್ರೊಫೆಸರು ಬರೆಯುವುದನ್ನು ನಿಲ್ಲಿಸಿ ನೀರನ್ನೇ ನೋಡುತ್ತಾ ನಿಂತರು. ಸೊಕ್ಕೆಯ ಒಣಭೂಮಿಯ ಹುಡುಗಿ ಇಂಥದೊಂದು ಕೆಲಸ ಮಾಡುವುದನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅಸೂಯೆಯಿಂದಲ್ಲ, ಪ್ರಮಾಣವಾಗಿ.

ಆಮೇಲೆ ಮೇಡಂ ನನ್ನತ್ತ ಕೈ ತೋರಿಸಿ ಏನೋ ಉದ್ದವಾಗಿ ಹೇಳಿದರು. ಪ್ರೊಫೆಸರು ನನ್ನ ಮುಂದೆ ಸೊಂಟದ ತನಕ ಬಗ್ಗಿದರು. "ಏನಂದ್ರಿ ಮೇಡಂ?" ಎಂದೆ. "ಇವರು ನಮ್ಮ ಇಂಗ್ಲಿಷ್ ಮೇಷ್ಟ್ರು ಅಂದೆ." "ಅಷ್ಟೇನಾ? ಭಾಳ ಹೊತ್ತು ಮಾತಾಡಿದಿರಿ." "ಉಳಿದದ್ದು ಕನ್ನಡದಾಗೆ ಹೇಳಿದ್ರೆ ನೀವು ಉಬ್ಬಿಬಿಡ್ತೀರಿ. ಬೇಕಾದ್ರೆ ಕಲಿತು ತಿಳ್ಕೊಳ್ರಿ."

ಮರುವಾರವೇ ಅವರು ಸಂಜೆ ನಡೆಸುತ್ತಿದ್ದ ಜಪಾನಿ ಪಾಠಕ್ಕೆ ಸೇರಿದೆ. ಮೂರು ವರ್ಷ ಕಲಿತೆ. ಈಗ ಜಪಾನಿಯಲ್ಲಿ ನಮಸ್ಕಾರ ಹೇಳಬಲ್ಲೆ, ಒಂದರಿಂದ ಹತ್ತು ಎಣಿಸಬಲ್ಲೆ, ಏಳನ್ನು ಬಿಟ್ಟು. ಅಂದು ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಏನಿತ್ತೋ ಇನ್ನೂ ಗೊತ್ತಾಗಿಲ್ಲ. ಒಳ್ಳೆಯದೇ ಇತ್ತು ಎಂದು ನಾನು ತಿಳಿದುಕೊಂಡಿದ್ದೇನೆ.