ನುಸಿ ಗೆದ್ದ ಬಹುಮಾನ

ಮನೆಯ ಮರ್ಯಾದೆ ಎಲ್ಲಿರುತ್ತದೆ ಎಂಬ ಬಗ್ಗೆ ಹಿರಿಯರು ಏನೇನೋ ಹೇಳಿದ್ದಾರೆ. ನಮ್ಮ ಮನೆಯಲ್ಲಂತೂ ಅದು ಅಡುಗೆಮನೆಯ ಡಬ್ಬಿಗಳಲ್ಲಿತ್ತು. ವಿಜಾಪುರದ ಕಡೆಯಿಂದ ಪುಣೆಗೆ ಬಂದು ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದ ನನಗೆ ಬೇರೆ ಆಸ್ತಿ ಇರಲಿಲ್ಲ. ನನ್ನ ಹೆಂಡತಿ ಶಾಂತಾಳ ಡಬ್ಬಿಗಳ ಹೊಳಪು ನೋಡಿಯೇ ಬಿಲ್ಡಿಂಗಿನವರು ನಮ್ಮನ್ನು ದೊಡ್ಡ ಮನುಷ್ಯರೆಂದುಕೊಂಡಿದ್ದರು. ಅಂಥ ಡಬ್ಬಿಯೊಳಗಿನ ರವೆಗೆ ತೊಂಬತ್ತರ ದಶಕದ ಒಂದು ಫೆಬ್ರುವರಿಯಲ್ಲಿ ನುಸಿ ಹತ್ತಿತು. ಮಾರ್ಕೆಟ್ ಯಾರ್ಡಿನಿಂದ ಅಷ್ಟೊಂದು ರವೆ ಹೊತ್ತು ತಂದವನು ನಾನೇ ಆದ್ದರಿಂದ, ತಪ್ಪು ಯಾರದೆಂಬ ಚರ್ಚೆ ಬೇಗ ಮುಗಿಯಿತು.

ಶಾಂತಾ ಡಬ್ಬಿ ಎತ್ತಿಕೊಂಡು ಹೊರಟಾಗ ಎಂಟನೆಯ ಇಯತ್ತೆ ಓದುತ್ತಿದ್ದ ಮಗಳು ಸುಧಾ ಅಡ್ಡ ನಿಂತಳು.

"ಅವ್ವಾ, ಚೆಲ್ಲಬ್ಯಾಡ. ಸಾಲಿ ವಿಜ್ಞಾನ ಪ್ರದರ್ಶನಕ್ಕ ಬೇಕು. ಒಣ ರವಾದಾಗ ಒಂದು ಹನಿ ನೀರಿಲ್ಲ, ಆದ್ರೂ ಹೆಂಗ ಬದುಕ್ಯಾವ ನೋಡು!"

"ನನ್ನ ಡಬ್ಬಿ ಹುಳಾ ಊರ ಮಂದಿಗೆ ತೋರಸ್ತೀಯಾ? ನಾ ಮಾರಿ ಎಲ್ಲಿ ಮುಚ್ಕೊಳ್ಳಲಿ?"

ಕೊನೆಗೆ, ಯಾರ ಮನೆಯ ನುಸಿ ಎಂದು ಮಾತ್ರ ಬಾಯಿ ಬಿಡಬಾರದು ಎಂಬ ಷರತ್ತಿನ ಮೇಲೆ ಒಪ್ಪಂದವಾಯಿತು.

ಪ್ರದರ್ಶನದಲ್ಲಿ ಎಲ್ಲರ ಮೇಜಿನ ಮೇಲೂ ಜ್ವಾಲಾಮುಖಿ, ಕರೆಗಂಟೆ. ನಮ್ಮ ಸುಧಾಳದು ಎರಡು ಗಾಜಿನ ಬಾಟಲಿ. ಒಂದರಲ್ಲಿ ರವೆ, ನುಸಿ. ಇನ್ನೊಂದರಲ್ಲಿ ಹೂಕುಂಡದ ಅಡಿ ಸಿಕ್ಕ, ಮುಟ್ಟಿದರೆ ಗುಂಡಗೆ ಸುರುಳಿಯಾಗುವ ಬೂದು ಹುಳಗಳು. ಅವೆಲ್ಲ ಒದ್ದೆ ಹತ್ತಿಯ ಮೇಲೆ ಮುಗಿಬಿದ್ದಿದ್ದವು. ಪರೀಕ್ಷಕಿಯೊಬ್ಬರು ಬಂದು ನಿಂತರು. ನುಸಿಗೆ ನೀರು ಎಲ್ಲಿಂದ ಎಂದು ಮರಾಠಿಯಲ್ಲಿ ಕೇಳಿದರು. ಸುಧಾ ಪಟಪಟನೆ ಹೇಳಿದಳು: ತಿಂದ ರವೆ ಮೈಯೊಳಗೆ ಕರಗುವಾಗಲೇ ಒಂದಿಷ್ಟು ನೀರು ಹುಟ್ಟುತ್ತದೆ, ಚರ್ಮದ ಮೇಲಿನ ತೆಳು ಮೇಣ ಅದನ್ನು ಆರಲು ಬಿಡುವುದಿಲ್ಲ, ನುಸಿ ಹಿಕ್ಕೆ ಹಾಕುವ ಮುಂಚೆ ಅದರಲ್ಲಿನ ನೀರನ್ನೂ ಒಳಗೇ ಹೀರಿಕೊಳ್ಳುತ್ತದೆ. ಬೂದು ಹುಳಕ್ಕೆ ಅಂಥ ಮೇಣವಿಲ್ಲ, ಪಾಪ, ಒದ್ದೆ ಜಾಗವೇ ಗತಿ.

"ಭಾಳ ಛಲೋ. ಇವು ಸಿಕ್ಕಿದ್ದೆಲ್ಲಿ?" ಎಂಬರ್ಥದಲ್ಲಿ ಅವರು ಕೇಳಿದರು.

ಸುಧಾ ನನ್ನ ಜೊತೆ ಹಿಂದೆ ನಿಂತಿದ್ದ ತಾಯಿಯ ಮುಖ ನೋಡಿದಳು. ಸುತ್ತ ನಮ್ಮ ಬಿಲ್ಡಿಂಗಿನ ಹೆಂಗಸರೇ. ನಾನು ಫ್ಯಾನು ನೋಡತೊಡಗಿದೆ. ಆಗ ಶಾಂತಾ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಆಮಚ್ಯಾಚ್ ಘರಚೇ ಆಹೇತ!"

ನಮ್ಮ ಮನೆಯವೇ ಎಂಬ ಆ ಮಾತನ್ನು, ಹೊಲ ಮನೆ ಇದ್ದವರು ಹೇಳುವಂತೆ ಎದೆ ಸೆಟೆಸಿ ಹೇಳಿದಳು. ಮೊದಲ ಬಹುಮಾನ ನಮಗೇ ಬಂತು! ಮೇಲಿನ ಮನೆಯಾಕೆ ಶಾಂತಾಳ ಕಿವಿಯಲ್ಲಿ, ತಮ್ಮ ಗೋದಿಯಲ್ಲೂ ಬೇಕಾದಷ್ಟಿವೆ, ಆದರೆ ಇಷ್ಟು ಜಾಣ ನುಸಿಗಳಲ್ಲ ಎಂದು ಹೊಟ್ಟೆ ಉರಿದುಕೊಂಡಳು.

ನಾನು ಬಹುಮಾನದ ಕಪ್ಪು ಹಿಡಿದು, ಗೇಟಿನಿಂದ ಮೂರನೆಯ ಮಹಡಿಯವರೆಗೆ ಸಿಕ್ಕವರಿಗೆಲ್ಲ ಈ ವಿಜಯಗಾಥೆ ಹೇಳುತ್ತ ಹತ್ತಿದೆ. ಮನೆ ಸೇರುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಎರಡು ಲೋಟ ನೀರು ಗಟಗಟ ಕುಡಿದು ಮತ್ತೆ ಕೈ ಚಾಚಿದೆ.

ಸುಧಾ ನೀರು ಕೊಡುತ್ತ ಅಂದಳು: "ಅಪ್ಪಾ, ಒಂದು ಹೇಳೋದ ಮರ್ತಿದ್ದೆ. ನುಸಿ ಮೈ ಬದಿಗೆ ಉಸಿರಾಡೋ ತೂತು ಇರ್ತಾವ. ನೀರು ಆರಬಾರದಂತ ಬೇಕಾದಾಗಷ್ಟ ತೆರೀತಾವ, ಉಳಿದ ಹೊತ್ತು ಮುಚ್ಕೊಂಡಿರ್ತಾವ."

ಒಳಗಿನಿಂದ ಶಾಂತಾ ಕೂಗಿದಳು: "ನಿಮ್ಮಪ್ಪಗ ಇರೋದ ಒಂದು ಬಾಯಿ. ಅದನ್ನೂ ಮುಚ್ಚಲಿಕ್ಕೆ ಬರಂಗಿಲ್ಲ!"

ತಕ್ಕ ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ಇನ್ನೊಂದು ಲೋಟ ನೀರು ಬೇಕಾಯಿತು.