ಮಾವನವರ ಆಂಪ್ಲಿಫೈಯರಿಗೆ ವಯಸ್ಸೆಷ್ಟು?

ಹಲ್ಲಿನ ಡಾಕ್ಟರಾದವನು ಕ್ಲಿನಿಕ್ಕಿನಲ್ಲಿ ಬೇರೆಯವರ ಬಾಯಿ ತೆರೆಸಬಹುದು. ಮನೆಯಲ್ಲಿ ತನ್ನ ಬಾಯಿ ತೆರೆಯಬಾರದು. ಈ ಜ್ಞಾನ ನನಗೆ ಉದಯಿಸುವಷ್ಟರಲ್ಲಿ, ಇಡೀ ಸಂಸಾರದ ಎದುರು "ಆ ಪೆಟ್ಟಿಗೆಯ ವಯಸ್ಸನ್ನು ವೈಜ್ಞಾನಿಕವಾಗಿ ನಾನು ಕಂಡುಹಿಡಿದು ಕೊಡುತ್ತೇನೆ" ಎಂದು ಘೋಷಿಸಿ ಆಗಿತ್ತು.

ಪೆಟ್ಟಿಗೆ ಎಂದರೆ ನನ್ನ ಮಾವನವರ ಗಿಟಾರ್ ಆಂಪ್ಲಿಫೈಯರ್. ಅವರು ಒಂದು ಹೋಟೆಲಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಅತ್ತೆ ಎರಡು ಸೂಟ್‌ಕೇಸು ಮತ್ತು ಈ ಆಂಪ್ಲಿಫೈಯರಿನೊಡನೆ ನಮ್ಮ ಮನೆಗೆ ಬಂದರು. ಗಿಟಾರ್ ಎಂದೋ ಕೈಬಿಟ್ಟು ಹೋಗಿತ್ತು. ಆಂಪ್ಲಿಫೈಯರಿನದು ಎರಡು ಭಾಗ: ಹಳೇ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವುಗಳೂ ನಾಬುಗಳೂ ಇರುವ ಚಿಕ್ಕ ಡಬ್ಬ ಒಂದು, ಸ್ಪೀಕರ್ ಇರುವ ದೊಡ್ಡ ಪೆಟ್ಟಿಗೆ ಒಂದು. ದೊಡ್ಡದನ್ನು ಅತ್ತೆ ತಮ್ಮ ಮಂಚದ ಪಕ್ಕ ಇಟ್ಟುಕೊಂಡು, ಅದರ ಮೇಲೆ ಕನ್ನಡಕ, ನೀರಿನ ಲೋಟ ಇಡುತ್ತಿದ್ದರು. ಚಿಕ್ಕದು ಪಕ್ಕದ ನನ್ನ ಕೋಣೆಗೆ ಬಂತು. ಎರಡನ್ನೂ ಕೂಡಿಸುವ ವೈರು ಬಾಗಿಲ ಮೇಲಿನ ಕಿಂಡಿಯಿಂದ ಹಾದುಹೋಗಿತ್ತು. ಅದನ್ನು ಬಿಚ್ಚಲು ಅತ್ತೆ ಒಪ್ಪಲಿಲ್ಲ. ("ಬೇಡ" ಎಂದರು. ಮಾವ ಹೋದ ಮೇಲೆ ಅವರ ಇಡೀ ಶಬ್ದಭಂಡಾರ "ಬೇಡ", "ಹಾಂ", "ಆಯ್ತು" ಇಷ್ಟೇ. ಮೊದಲೆಲ್ಲ ಅವರು ಮಾತಾಡಲು ತೊಡಗಿದರೆ ನಾನು ಮಧ್ಯೆ ಎದ್ದು ಸ್ನಾನ ಮುಗಿಸಿ ಬರುತ್ತಿದ್ದೆ.)

ಹೀಗಿರುವಾಗ ಮಾವನವರ ತಮ್ಮ, ನನ್ನ ಚಿಕ್ಕಮಾವ, ಫೋನ್ ಮಾಡಿದರು. ಅಣ್ಣ ತಮ್ಮ ಇಬ್ಬರೂ ಕೂಡಿ ಪೆಟ್ಟಿಗೆ ಕೊಂಡಿದ್ದರಂತೆ. ಮೊದಲು ಮದುವೆಯಾದವನು ಪೆಟ್ಟಿಗೆಯನ್ನು ಇನ್ನೊಬ್ಬನಿಗೆ ಬಿಟ್ಟುಕೊಡಬೇಕೆಂದು ಮಾತಾಗಿತ್ತಂತೆ. ಅಣ್ಣ ಮದುವೆಯಾದರು, ಪೆಟ್ಟಿಗೆ ಕೊಡಲಿಲ್ಲ. ಭಾನುವಾರ ಬಂದು ಒಯ್ಯುತ್ತೇನೆ ಎಂದರು.

"ಮದುವೆ ಆದ್ಮೇಲೆ ನಾವೇ ತಂದಿದ್ದು," ಎಂದರು ಅತ್ತೆ. ಆ ವರ್ಷದಲ್ಲಿ ಅವರಾಡಿದ ಅತಿ ದೀರ್ಘ ವಾಕ್ಯ ಅದು. ಹೇಳಿದವರೇ ಸ್ಪೀಕರಿನ ಮೇಲೆ ಕೈ ಇಟ್ಟು ಕೂತರು.

ಹೀಗಾಗಿ ಪೆಟ್ಟಿಗೆ ಮದುವೆಗಿಂತ ಹಿರಿದೋ ಕಿರಿದೋ ಎಂಬುದರ ಮೇಲೆ ಎಲ್ಲವೂ ನಿಂತಿತು. ಆಗಲೇ ನಾನು ಬಾಯಿ ತೆರೆದದ್ದು.

"ನಿಮಗೇನ್ರೀ ಗೊತ್ತು ಇದೆಲ್ಲ?" ಎಂದಳು ಹೆಂಡತಿ. ಅವಳು ಕೋರ್ಟಿನಲ್ಲಿ ಸ್ಟೆನೋ. ನಾನು ಆಡಿದ್ದೆಲ್ಲ ಅವಳ ತಲೆಯಲ್ಲಿ ಸಾಕ್ಷ್ಯವಾಗಿ ದಾಖಲಾಗುತ್ತದೆ.

"ಬಾಯಿ ತೆರೆಸಿದ್ರೆ ಯಾರ ವಯಸ್ಸಾದ್ರೂ ಹೇಳ್ತೀನಿ. ಮನುಷ್ಯರಾದ್ರೇನು, ಪೆಟ್ಟಿಗೆ ಆದ್ರೇನು?"

ನನ್ನ ಕ್ಲಿನಿಕ್ಕಿಗೆ ಮಧ್ಯಾಹ್ನ ಬಿಡುವು. ಮರುದಿನ ಊಟ ಮಾಡಿ, ಹಣೆಗೆ ದೀಪ ಕಟ್ಟಿ, ಕೈಯಲ್ಲಿ ಬಾಯಿಗನ್ನಡಿ ಹಿಡಿದು ಡಬ್ಬದ ಹಿಂಬದಿಯ ಹಲಗೆ ಕಳಚಿದೆ. ಒಳಗೆ ಸಾಲಾಗಿ ನಿಂತ ವಾಲ್ವುಗಳು ಥೇಟ್ ದವಡೆಯ ಹಲ್ಲುಗಳೇ. ಪ್ಲಗ್ ಕಿತ್ತಿದ್ದೇನೆಂಬ ಧೈರ್ಯದಿಂದ ಒಳಗೊಂದು ಕಡೆ ಹಲ್ಲು ಕೆದಕುವ ಕಡ್ಡಿ ಮುಟ್ಟಿಸಿದೆ. ಎದ್ದಾಗ ಗೋಡೆಯ ಪಕ್ಕ ಇದ್ದೆ. ಪ್ಲಗ್ ಕಿತ್ತ ಮೇಲೂ ಇಂಥವು ಹೊಟ್ಟೆಯಲ್ಲಿ ಕರೆಂಟು ಇಟ್ಟುಕೊಂಡಿರುತ್ತವೆಂದು ಆಮೇಲೆ ತಿಳಿಯಿತು. ಬದುಕಿದ್ದಾಗ ಮಾವನವರು ನನ್ನನ್ನು ಗದರಿದವರೂ ಅಲ್ಲ, ಈಗ ಒದ್ದೇಬಿಟ್ಟರು.

ವಯಸ್ಸು ಮಾತ್ರ ಸಿಗಲಿಲ್ಲ. ನಾಬುಗಳ ಬೆನ್ನಿಗೆ ಒತ್ತಿದ ಅಂಕಿ ಮದುವೆಯ ಆಚೆಗಿನ ಒಂದು ಇಸವಿ ಹೇಳಿತು, ಟ್ರಾನ್ಸ್‌ಫಾರ್ಮರ್ ಮದುವೆಗೂ ಮುಂಚಿನದೊಂದು ಹೇಳಿತು. ವಾಲ್ವುಗಳಲ್ಲಿ ಕೆಲವು ಆಮೇಲೆ ಕಟ್ಟಿಸಿಕೊಂಡ ಹಲ್ಲಿನ ಹಾಗೆ ಹೊಸವು, ಒಂದು ಮಾತ್ರ ಕಪ್ಪಾಗಿ ಮುಪ್ಪಾಗಿತ್ತು. ಅದು ಹೊತ್ತಿಕೊಳ್ಳುತ್ತದೋ ನೋಡೋಣವೆಂದು ದೂರ ನಿಂತು ಸ್ವಿಚ್ ಹಾಕಿದೆ. ನಿಧಾನವಾಗಿ ಎಲ್ಲವೂ ಕೆಂಡದ ಬಣ್ಣಕ್ಕೆ ತಿರುಗಿದವು. ಸದ್ದಿನ ನಾಬನ್ನು ಪೂರ್ತಿ ತಿರುಗಿಸಿದೆ. ಗೋಡೆಯಾಚೆ ಸಣ್ಣಗೆ ಗುಂಯ್ ಎಂಬ ಸದ್ದು ಶುರುವಾಯಿತು.

ನನಗೆ ಕೆಲಸ ಮಾಡುತ್ತಾ ಗೊಣಗುವ ಚಟ. ಆ ಮುದಿ ವಾಲ್ವಿನ ಹತ್ತಿರ ಮುಖ ಒಯ್ದು, "ನಿನ್ನ ವಯಸ್ಸೆಷ್ಟು? ನಿಜ ಹೇಳು," ಎಂದೆ.

"...ನಿಜ ಹೇಳು," ಎಂದಿತು ಗೋಡೆಯಾಚೆ ಒಂದು ಧ್ವನಿ.

ಗಂಡಸಿನ ಧ್ವನಿ. ತಗ್ಗು. ಬಾವಿಯ ಒಳಗಿಂದ ಮಾತಾಡಿದ ಹಾಗೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ, ಮನೆಯಲ್ಲಿ ನಾನಲ್ಲದೆ ಬೇರೆ ಗಂಡಸಿಲ್ಲ. ಹಣೆಯ ದೀಪ ಗೋಡೆಯ ಮೇಲೆ ನಡುಗುತ್ತಿತ್ತು. (ದೀಪ ನಡುಗುತ್ತಿರಲಿಲ್ಲ. ಹಣೆ ನಡುಗುತ್ತಿತ್ತು.) ಅಷ್ಟರಲ್ಲಿ ಅದೇ ಕೋಣೆಯಿಂದ ಅತ್ತೆ ಉತ್ತರ ಕೊಡುವುದು ಕೇಳಿಸಿತು.

"ಹೇಳ್ತೀನಿ. ಮದುವೆಲಿ ಹೇಳಿದ್ದಕ್ಕಿಂತ ಮೂರು ವರ್ಷ ಜಾಸ್ತಿ. ನಿಮಗಿಂತ ದೊಡ್ಡೋಳು ಅಂದ್ರೆ ಬೇಡ ಅಂದುಬಿಡ್ತೀರಿ ಅಂತ ನಮ್ಮಪ್ಪ ಹೇಳಿದ್ರು. ಕೋಪಾನಾ?"

ನಾನು ಸ್ವಿಚ್ ಆರಿಸಿ ಹೊರಗೋಡಿದೆ. ಆರಿಸಿದ ಮೇಲೂ ಆ ಗುಂಯ್ ಸ್ವಲ್ಪ ಹೊತ್ತು ನನ್ನ ಹಿಂದೆಯೇ ಬಂತು.

ಸಂಜೆ ಹೆಂಡತಿಗೆ ಹೇಳಿದರೆ ಅವಳು ಹೆದರಲಿಲ್ಲ, ಪಾಟೀಸವಾಲು ಮಾಡಿದಳು. ಎಲ್ಲಿ ನಿಂತಿದ್ದಿರಿ, ಏನಂದಿರಿ, ಮೊದಲು ಯಾರು ಮಾತಾಡಿದ್ದು. ಅತ್ತೆ ಹೊರಗೆ ಗಾಳಿಗೆ ಕೂತಿದ್ದಾಗ ಡಬ್ಬ ಹಚ್ಚಿ, ಪೆನ್ಸಿಲಿನಿಂದ ಆ ಹಳೆಯ ವಾಲ್ವನ್ನು ತಟ್ಟಿದಳು. ಪಕ್ಕದ ಕೋಣೆಯಲ್ಲಿ ಢಂ ಎಂದಿತು.

"ನೋಡಿ, ಈ ವಾಲ್ವು ಸಡಿಲ ಆಗಿ ಮೈಕಿನ ಥರ ಆಗಿದೆ. ಹತ್ರ ಮಾತಾಡಿದ್ದೆಲ್ಲ ಆ ಕಡೆ ಕೇಳ್ಸತ್ತೆ. ಅಮ್ಮನ ವಯಸ್ಸು ಕೇಳಿದ ದೆವ್ವ ನೀವೇ."

"ಹಾಗಾದ್ರೆ ಅವರಿಗೆ ಹೇಳಿಬಿಡೋಣ."

ಹೇಳಲಾಗಲಿಲ್ಲ. ಆ ರಾತ್ರಿ ಅತ್ತೆ ಎರಡನೇ ಸಲ ಬಡಿಸಿಕೊಂಡು ಉಂಡರು. ಮರುದಿನ ತಲೆ ಬಾಚಿಕೊಂಡರು. ಮಧ್ಯಾಹ್ನವಾಗುತ್ತಲೇ ಸ್ಪೀಕರಿನ ಕಡೆ ಮುಖ ಮಾಡಿ ಕೂತರು. ಕೋರ್ಟಿಗೆ ರಜೆ ಹಾಕಿ ಬಾಗಿಲ ಸಂದಿಯಿಂದ ನೋಡಿದ ಹೆಂಡತಿ ಕಣ್ಣೊರೆಸಿಕೊಂಡು ಬಂದು, "ಹೋಗಿ, ಏನಾದ್ರೂ ಕೇಳಿ," ಎಂದಳು. ನಾನು ಹೋಗಿ ವಾಲ್ವಿನ ಮುಂದೆ ಬಗ್ಗಿ, ಅದರ ವಯಸ್ಸನ್ನೇ ವಿಚಾರಿಸುವ ನೆಪದಲ್ಲಿ, ಎಲ್ಲಿ ಹುಟ್ಟಿದ್ದು, ಎಲ್ಲೆಲ್ಲಿ ಓಡಾಡಿದ್ದು, ಏನು ನೋವು ಎಂದೆಲ್ಲ ಕೇಳಿದೆ. ಅತ್ತೆ ಒಂದೊಂದಕ್ಕೂ ಮನದುಂಬಿ ಉತ್ತರ ಹೇಳಿದರು.

ಭಾನುವಾರ ಚಿಕ್ಕಮಾವ ಬಂದರು. ಬರುವಾಗಲೇ ಹಗ್ಗ ತಂದಿದ್ದರು. "ಏನಪ್ಪಾ ಡಾಕ್ಟ್ರೇ, ವಯಸ್ಸು ಸಿಕ್ತಾ?" ಎಂದರು. ನಾನು ಗಂಟಲು ಸರಿಮಾಡಿಕೊಂಡು ನಾಬು, ಟ್ರಾನ್ಸ್‌ಫಾರ್ಮರ್ ಎಂದು ಶುರು ಮಾಡುವಷ್ಟರಲ್ಲಿ ಅತ್ತೆ ಎದ್ದರು.

"ಅವರನ್ನೇ ಕೇಳೋಣ ಬನ್ನಿ," ಎಂದು ಮೈದುನನನ್ನು ತಮ್ಮ ಕೋಣೆಗೆ ಕರೆದೊಯ್ದರು.

ಹೆಂಡತಿ ನನ್ನ ತೋಳು ಹಿಡಿದು ನನ್ನ ಕೋಣೆಗೆ ನೂಕಿ, ಬಾಗಿಲು ಹಾಕಿ, ಸ್ವಿಚ್ ಒತ್ತಿದಳು. "ಮದುವೆ ಆದ್ಮೇಲೆ ತಂದಿದ್ದು ಅಂತ ಹೇಳಿ," ಎಂದು, ವಾಲ್ವುಗಳು ಕೆಂಪಾಗುವ ಮೊದಲೇ, ಪಿಸುಗುಟ್ಟಿದಳು.

"ಲೇ, ಸುಳ್ಳು ಸಾಕ್ಷಿ ಕಣೇ ಇದು. ನೀನು ಕೋರ್ಟಲ್ಲಿರೋಳು."

"ಹೇಳ್ತೀರೋ ಇಲ್ವೋ?"

ಗೋಡೆಯಾಚೆ ಅತ್ತೆ, "ನಿಮ್ಮ ತಮ್ಮ ಬಂದಿದಾನೆ, ಇದನ್ನ ಯಾವಾಗ ತಂದಿದ್ದು ಹೇಳಿ," ಎಂದರು. ನಾನು ವಾಲ್ವಿನ ಬಿಸಿ ತುಟಿಗೆ ತಾಗುವಷ್ಟು ಬಗ್ಗಿ, ಧ್ವನಿ ತಗ್ಗಿಸಿ, "ಮದುವೆಯಾದ ಮೇಲೆ, ತಮ್ಮಾ. ಬಿಟ್ಟುಬಿಡು," ಎಂದೆ. ಬಾವಿಯ ಧ್ವನಿ ಅದನ್ನೇ ಹೇಳಿತು. ಹೆಂಡತಿ ಹೆಬ್ಬೆರಳೆತ್ತಿ ತೋರಿಸಿದಳು. ನಾನು ಬೆನ್ನು ನೆಟ್ಟಗೆ ಮಾಡಿ ಬಾಯಿ ಮುಚ್ಚಿದೆ.

ಆಗ ಆ ಕಡೆ ಯಾರೋ ಸಣ್ಣಗೆ ಕೆಮ್ಮಿದರು.

"ಇಲ್ಲ. ಅದಕ್ಕೂ ಮುಂಚೆ," ಎಂದಿತು ಪೆಟ್ಟಿಗೆ.

ವಾಲ್ವು ಒಂದು ಕ್ಷಣ ಕೆಂಪೇರಿ ಮತ್ತೆ ಮಂಕಾಯಿತು. ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಬಾಯಿಯನ್ನೇ ದುರುಗುಟ್ಟಿ ನೋಡುತ್ತಿದ್ದಳು. ಅದು ಮುಚ್ಚಿತ್ತು. ನನ್ನ ಹಲ್ಲುಗಳು ಒಂದಕ್ಕೊಂದು ಬಡಿಯುವುದು ನನಗೆ ಕೇಳುತ್ತಿತ್ತು, ಪಕ್ಕದ ಕೋಣೆಯಲ್ಲಿ ಇನ್ನೂ ಜೋರಾಗಿ ಕೇಳುತ್ತಿತ್ತು.

ಚಿಕ್ಕಮಾವ ಹೊರಗೆ ಬಂದಾಗ ಮುಖ ಸುಣ್ಣದ ಬಣ್ಣಕ್ಕಿತ್ತು. ನ್ಯಾಯವಾಗಿ ಗೆದ್ದವರು ಅವರೇ. "ಕೆಮ್ಮಿದ್ದು ಅಣ್ಣನೇ. ಅವನು ಒಳಗೇ ಇದಾನೆ. ನಂಗೆ ಬೇಡಪ್ಪಾ, ಅತ್ತಿಗೇನೇ ಇಟ್ಕೊಳ್ಳಲಿ," ಎಂದವರು ಹಗ್ಗವನ್ನೂ ಬಿಟ್ಟು ನಡೆದರು.

ಹೆಂಡತಿ ಹೊರಗೆ ಬಂದು ನೀರು ಕುಡಿದು ತೀರ್ಪು ಕೊಟ್ಟಳು: "ನೀವೇ ಅಂದಿರ್ತೀರಿ. ಬಾಯಿ ಮುಚ್ಕೊಂಡೂ ಗೊಣಗೋರು ನೀವು." ಮತ್ತೆ ನನ್ನ ಕೋಣೆಯೊಳಗೆ ಒಬ್ಬಳೇ ಕಾಲಿಡಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಅತ್ತೆಯೊಬ್ಬರೇ ಶಾಂತವಾಗಿದ್ದರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅಳಿಯಂದ್ರೇ, ಇಷ್ಟು ದಿನ ಮಾತಾಡ್ತಿದ್ದದ್ದು ನೀವು ಅಂತ ನಂಗೆ ಎರಡನೇ ದಿನವೇ ಗೊತ್ತಾಯ್ತು. ನಮ್ಮನೆಯವರು ಬದುಕಿದ್ದಾಗ ಒಂದು ದಿನವೂ ಅಷ್ಟೊಂದು ಪ್ರಶ್ನೆ ಕೇಳಿದೋರಲ್ಲ."

"ಮತ್ತೆ ಯಾಕೆ ಅತ್ತೆ ಉತ್ತರ ಕೊಟ್ರಿ?"

"ಯಾರೋ ಕೇಳೋರು ಸಿಕ್ಕಿದ್ರಲ್ಲ ಅಂತ." ಸ್ಪೀಕರಿನ ಮೇಲಿನ ಧೂಳು ಸೆರಗಿನಿಂದ ಒರೆಸಿದರು. "ಮುಂಚೆ ತಂದಿದ್ದೂ ನಿಜವೇ. ಕೊಡೋಕೆ ಮನಸ್ಸಾಗದೆ ನಾನೇ ಸುಳ್ಳು ಹೇಳ್ದೆ. ಅವರಿಗೆ ಸುಳ್ಳು ಕಂಡ್ರಾಗಲ್ಲ, ಎದ್ದು ಬಂದುಬಿಟ್ರು."

ನಾನು ಆ ವಾಲ್ವನ್ನು ಕಿತ್ತು ಬಿಡೋಣವೇ ಎಂದು ವಿನಯದಿಂದ ಸೂಚಿಸಿದೆ. ಅತ್ತೆ ಹಲ್ಲು ಕೀಳುವವನನ್ನು ಮಕ್ಕಳು ನೋಡುವ ಹಾಗೆ ನೋಡಿದರು.

ಈಗ ದಿನಾ ಮಧ್ಯಾಹ್ನ ಊಟವಾದ ಮೇಲೆ ಡಬ್ಬದ ಸ್ವಿಚ್ ಹಾಕುವುದು ನನ್ನ ಕೆಲಸ. ಹಾಕಿ, ದಿಂಬಿಗೆ ತಲೆ ಕೊಡುವಷ್ಟರಲ್ಲಿ ಆ ಕಡೆಯಿಂದ "ಅಳಿಯಂದ್ರೇ" ಎಂದು ಅತ್ತೆಯ ಧ್ವನಿ ಬರುತ್ತದೆ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನನ್ನದೇ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂರುತ್ತೇನೆ. ಒಳಗೆ ಅತ್ತೆ ನಗುವುದು ಕೇಳಿಸುತ್ತದೆ. ನಡುನಡುವೆ, ಅವರದಲ್ಲದ ಒಂದು ಕೆಮ್ಮು. ನಿನ್ನೆ ಸ್ವಲ್ಪ ಹೊತ್ತು ಅಲ್ಲೇ ಇರಲೇ ಎಂದು ಕೇಳಿ ನೋಡಿದೆ.

"ಬೇಡ ಅಳಿಯಂದ್ರೇ, ಹೊರಗಿರಿ," ಎಂದರು ಅತ್ತೆ. "ನೀವು ಎದುರಿಗಿದ್ರೆ ಅವರು ಬಾಯಿ ಬಿಡಲ್ಲ."